ಕೊರಳುದ್ದ ನೀರಿನಲ್ಲಿ ಕೆಂದಿ

ನನ್ನ ಅವ್ವನಿಗೆ ಬರುತ್ತಿದ್ದದ್ದು ಒಂದೇ ಹಾಡು. ಅದೂ ಪೂರ್ತಿ ಬರುತ್ತಿರಲಿಲ್ಲ.

ತಮಿಳುನಾಡಿನ ಓಡೈಪಟ್ಟಿಯಲ್ಲಿ ನಮ್ಮದು ದ್ರಾಕ್ಷಿ ತೋಟ. ಚಪ್ಪರದ ಕೆಳಗೆ ಕತ್ತು ಮೇಲೆತ್ತಿ ಗೊಂಚಲು ಬಿಡಿಸುವಾಗ ಅವಳು ಅದನ್ನು ಹಾಡುತ್ತಿದ್ದಳು. ಹಾಲು ಕರೆಯುವಾಗಲೂ ಅದೇ, ನನ್ನ ತಲೆಗೆ ಎಣ್ಣೆ ತಿಕ್ಕುವಾಗಲೂ ಅದೇ. ತೋಟಕ್ಕೆ ಬರುತ್ತಿದ್ದ ಬೇರೆ ಹೆಂಗಸರು ರೇಡಿಯೋದ ತಮಿಳು ಹಾಡು ಗುನುಗುತ್ತಿದ್ದರೆ, ಅವ್ವ ಮಾತ್ರ ನಮ್ಮ ಮನೆಮಾತು ಕನ್ನಡದಲ್ಲಿ ಹಸುವೊಂದನ್ನು ಕರೆಯುತ್ತಿದ್ದಳು.

ಹೊಳೆ ತುಂಬೈತೆ ಕೆಂದೀ, ದಾಟಿ ಬಾರೇ,
ಮೊಣಕಾಲು ನೀರೇ ಕೆಂದೀ, ಅಂಜದೆ ಬಾರೇ.

ಮೊಣಕಾಲು ಆದ ಮೇಲೆ ಸೊಂಟದ ನೀರು, ಆಮೇಲೆ ಎದೆಯುದ್ದ ನೀರು, ಆಮೇಲೆ ಕೊರಳುದ್ದ. ಪ್ರತಿ ಸಲ ನೀರು ಏರಿದಂತೆ ಅವ್ವನ ದನಿ ಸಣ್ಣಗಾಗುತ್ತಿತ್ತು. ಕೊರಳುದ್ದಕ್ಕೆ ಬಂದಾಗ ಮಾತು ನಿಂತು ಬರೀ ರಾಗ ಉಳಿಯುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಅದೊಂದು ಸಂಕಟ. ಹಸು ದಡ ಸೇರಿತೋ ಇಲ್ಲವೋ?

"ಆಮೇಲೆ ಏನಾಯ್ತವ್ವ?" ಎಂದರೆ, "ಯಾವಳಿಗೆ ಗೊತ್ತು? ಅಲ್ಲಿಗೆ ಬರೋವಷ್ಟರಾಗೆ ನಂಗೆ ನಿದ್ದೆ ಬಂದ್ಬುಡ್ತಿತ್ತು" ಎನ್ನುತ್ತಿದ್ದಳು. ಅವಳ ತಾಯಿ, ಎಂದರೆ ನನ್ನ ಅಜ್ಜಿ, ಅದನ್ನು ಹಾಡುತ್ತಿದ್ದದ್ದು ಮಕ್ಕಳನ್ನು ಮಲಗಿಸಲು. ಅವ್ವ ಒಂದು ದಿನವೂ ಕೊನೆಯವರೆಗೆ ಎಚ್ಚರವಿರಲಿಲ್ಲ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅಜ್ಜಿ ತೀರಿಕೊಂಡಳು.

ಮದುವೆಯಾದ ಮೇಲೆ ನನ್ನ ಗಂಡನ ಈರುಳ್ಳಿ ವ್ಯಾಪಾರದ ಸಲುವಾಗಿ ನಾವು ಕೆಲವು ವರ್ಷ ಚಾಮರಾಜನಗರದಲ್ಲಿ ಇದ್ದೆವು. ಕನ್ನಡದ ಅಕ್ಷರ ನಾನು ಕಲಿತದ್ದು ಅಲ್ಲಿ. ಅಕ್ಕಪಕ್ಕದ ಹೆಂಗಸರಿಗೆ ಈ ಹಾಡನ್ನು ಹೇಳಿ ಮುಂದಿನದು ಗೊತ್ತೇ ಎಂದು ಕೇಳಿದ್ದೆ. ನನ್ನ ಮಾತಿನ ರೀತಿಗೆ ನಕ್ಕರು, ಹಾಡು ಚೆನ್ನಾಗಿದೆ ಎಂದರು. ಕೆಂದಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿರಬಹುದಾಗಿದ್ದವರು ಒಬ್ಬರು ಓಡೈಪಟ್ಟಿಯ ಹತ್ತಿರದಲ್ಲೇ ಇದ್ದರು. ಮಾರ್ಕಯನ್‌ಕೋಟ್ಟೈಯಲ್ಲಿರುವ ಅವ್ವನ ಅಕ್ಕ, ನನ್ನ ದೊಡ್ಡವ್ವ. ಚಿಕ್ಕಂದಿನಲ್ಲಿ ಅವಳನ್ನು ಕೇಳಬೇಕೆಂದು ತೋಚಿರಲಿಲ್ಲ; ತೋಚುವ ಹೊತ್ತಿಗೆ ಕೇಳುವ ಹಾಗಿರಲಿಲ್ಲ.

ನನ್ನ ಮಗಳು ದಿಂಡುಗಲ್ಲಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ದಿನವೇ ದೊಡ್ಡವ್ವನ ಹಿರಿಯ ಮಗ ಜ್ವರದಲ್ಲಿ ತೀರಿಕೊಂಡ. ಆಗಿನ್ನೂ ಅವನಿಗೆ ಮೀಸೆ ಮೂಡುತ್ತಿತ್ತು. ಸುದ್ದಿ ಬಂದಾಗ ಅವ್ವ ನನ್ನ ಹಾಸಿಗೆಯ ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಹಸಿ ಕೂಸನ್ನು ಮುಟ್ಟಿದವಳು ಸಾವಿನ ಮನೆಗೆ ಹೋಗಿಬಂದರೆ ಕೂಸಿಗೆ ಒಳ್ಳೆಯದಲ್ಲ ಎಂದು ಹಿರಿಯರು ತಡೆದರು. ಅವ್ವ ಅವರ ಮಾತು ಮೀರಲಿಲ್ಲ. ಕರ್ಮಾಂತರದ ದಿನ ಹೋದಾಗ ದೊಡ್ಡವ್ವ ತಲೆ ಎತ್ತಿ ನೋಡಲಿಲ್ಲವಂತೆ. "ಬಂದ್ಯಾ" ಎಂದಷ್ಟೇ ಕೇಳಿ ಒಳಗೆ ಹೋದಳಂತೆ.

ಜಗಳ ಎನ್ನುವಂಥದ್ದು ಏನೂ ಆಗಲಿಲ್ಲ. ಮದುವೆಗಳಲ್ಲಿ ಸಿಗುತ್ತಿದ್ದರು, ಮಳೆ ಬೆಳೆ ವಿಚಾರಿಸುತ್ತಿದ್ದರು, ಬೇರೆ ಬೇರೆ ಸಾಲಿನಲ್ಲಿ ಊಟಕ್ಕೆ ಕೂರುತ್ತಿದ್ದರು. ನನ್ನ ಮಗಳನ್ನು ಮಾತ್ರ ಅವ್ವ ಆ ಮನೆಗೆ ಒಮ್ಮೆಯೂ ಕರೆದೊಯ್ಯಲಿಲ್ಲ. "ಅವಳನ್ನ ನೋಡಿದ್ರೆ ಅಕ್ಕಂಗೆ ಆ ದಿನ ನೆನಪಾಗುತ್ತೆ" ಎನ್ನುತ್ತಿದ್ದಳು.

ಹೋದ ವರ್ಷ ಆ ಮಗಳಿಗೇ ಹೆಣ್ಣು ಕೂಸಾಯಿತು. ಅವಳನ್ನು ಕೊಟ್ಟಿರುವುದು ಪಳನಿಗೆ. ಹೆರಿಗೆಗೆಂದು ದಿಂಡುಗಲ್ಲಿನ ನಮ್ಮ ಮನೆಗೆ ಬಂದಿದ್ದಳು. ಬಾಣಂತನ ನೋಡಿಕೊಳ್ಳಲು ಅವ್ವನೂ ಬಂದಳು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೆಂದಿಯನ್ನು ಹೊಳೆಗೆ ಇಳಿಸತೊಡಗಿದಳು. ಮಗಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಆಡಲು ನಾಚಿಕೆ. ಫೋನಿನಲ್ಲಿ ಹಾಡನ್ನು ಹಿಡಿದಿಟ್ಟುಕೊಳ್ಳುತ್ತಿದ್ದವಳು, ಬರೀ ರಾಗ ಉಳಿದ ಕಡೆ ತಲೆ ಎತ್ತಿದಳು.

"ಅಪ್ಪುರಂ?" ಎಂದಳು ತಮಿಳಿನಲ್ಲಿ. ಆಮೇಲೆ?

"ಅಷ್ಟೇ ಕಣ್ಣು" ಎಂದಳು ಅವ್ವ ಮುದ್ದಿನಿಂದ. " ಮಿಕ್ಕಿದ್ದು ಮಾರ್ಕಯನ್‌ಕೋಟ್ಟೈ ಅಜ್ಜಿಗೆ ಗೊತ್ತಿರ್ತದೆ."

"ಹಾಗಾದ್ರೆ ಕೇಳೋಣ" ಎಂದಳು ಮಗಳು, ತಮಿಳಿನಲ್ಲೇ.

ಅವ್ವ ಕೂಸಿನ ಕಾಲು ನೀವತೊಡಗಿದಳು. ಮಗಳಿಗೆ ಹಳೆಯದೆಲ್ಲ ನಾನು ಆವತ್ತೇ ಹೇಳಿದೆ. ಕೇಳಿ ಹಿಂಜರಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಗೆ ಮಾಡಲಿಲ್ಲ. "ನಾನು ಹುಟ್ಟಿದ ದಿನದಿಂದ ಆಗಿದ್ದು. ನಾನೇ ಬರ್ತೀನಿ" ಎಂದಳು. ಅಷ್ಟನ್ನೂ ಕನ್ನಡದಲ್ಲೇ ಹೇಳಿದಳು.

ಕೂಸಿಗೆ ಕತ್ತು ನಿಂತ ಮೇಲೆ ಹೊರಟೆವು. ಚಿನ್ನಮನೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಕಾಲುವೆಯ ಪಕ್ಕದ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ಕಣಿವೆಯ ಗಾಳಿ ಎಂದಿನಂತೆ ಸೀರೆ ಸೆರಗನ್ನು ಎಳೆಯುತ್ತಿತ್ತು. ದಾರಿಯುದ್ದಕ್ಕೂ ಅವ್ವ, ಹೋದ ಕೂಡಲೇ ಏನು ಹೇಳಬೇಕು ಎಂದು ಬಾಯೊಳಗೇ ಅಭ್ಯಾಸ ಮಾಡುತ್ತಿದ್ದಳು.

ದೊಡ್ಡವ್ವ ಸೊಸೆಯ ಜೊತೆ ಜಗುಲಿಯಲ್ಲಿ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಎದ್ದಳು. ಅವ್ವ ಅಭ್ಯಾಸ ಮಾಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, "ಅಕ್ಕಾ, ಚೆನ್ನಾಗಿದ್ದೀಯಾ" ಎಂದಷ್ಟೇ ಅಂದಳು.

ದೊಡ್ಡವ್ವನ ಕಣ್ಣು ನನ್ನ ಮಗಳ ಮೇಲೆ ನಿಂತಿತ್ತು. "ಇವಳೇನಾ ಅವತ್ತು ಉಟ್ಟಿದ್ದು?" ನಮ್ಮ ಹಳಬರ ಮಾತಿನಲ್ಲಿ ಹಕಾರ ಬಿದ್ದುಹೋಗಿ, ಹುಟ್ಟಿದ್ದು ಉಟ್ಟಿದ್ದಾಗುತ್ತದೆ, ಹೋದದ್ದು ಓದದ್ದಾಗುತ್ತದೆ.

"ಆಮಾ ಅಕ್ಕಾ" ಎಂದು ಅವ್ವ ತಲೆಯಾಡಿಸಿದಳು.

"ಇಲ್ಲಿ ಬಾ ಮಗ."

ಮಗಳು ಕೂಸನ್ನು ನನ್ನ ಕೈಗೆ ಕೊಟ್ಟು ಹತ್ತಿರ ಹೋದಳು. ದೊಡ್ಡವ್ವ ಸೊಪ್ಪಿನ ಕೈಯಲ್ಲೇ ಅವಳ ಕೆನ್ನೆ ಹಿಡಿದಳು. "ನೀನು ಪಳ್ಳಿಕ್ಕೂಡಕ್ಕೆ ಸೇರಿದ್ದು, ಕಾಲೇಜಿಗೆ ಓದದ್ದು, ಮದ್ವೆ ಆದದ್ದು, ಎಲ್ಲಾ ನಾನು ಕೇಳ್ಕೊಂತಾನೇ ಇದ್ದೆ. ಓಡೈಪಟ್ಟಿ ಕಡೆಯಿಂದ ಯಾರು ಬಂದ್ರೂ ಕೇಳ್ತಿದ್ದೆ. ನಿನ್ನ ವಯಸ್ಸು ತಿಳ್ಕೊಂಡ್ರೆ, ನನ್ನ ಮಗ ಇದ್ದಿದ್ರೆ ಎಷ್ಟು ದೊಡ್ಡೋನಾಗಿರ್ತಿದ್ದ ಅಂತ ತಿಳೀತಿತ್ತು."

ಅವ್ವ ಅದನ್ನು ಕೇಳಿಸಿಕೊಂಡು ಜಗುಲಿಯ ಮೇಲೆ ಕೂತು, ಮಿಕ್ಕಿದ್ದ ಸೊಪ್ಪು ಬಿಡಿಸತೊಡಗಿದಳು. ಯಾರನ್ನು ಇಷ್ಟು ವರ್ಷ ಅಕ್ಕನ ಕಣ್ಣಿಗೆ ಬೀಳದಂತೆ ಕಾಪಾಡಿದ್ದಳೋ, ಅವಳ ಸುದ್ದಿಯನ್ನೇ ಅಕ್ಕ ಹೋಗಿ ಬರುವವರ ಬಾಯಲ್ಲಿ ಕೇಳುತ್ತ ಬಂದಿದ್ದಳು.

ಊಟವಾಯಿತು. ಕೂಸು ಸೀರೆಯ ಜೋಲಿಯಲ್ಲಿ ಅಳತೊಡಗಿತು. ಜೋಲಿ ತೂಗುತ್ತ ಅವ್ವ ತನಗೆ ಗೊತ್ತಿದ್ದ ಹಾಡು ಹಿಡಿದಳು. ಕೊರಳುದ್ದ ನೀರಿಗೆ ಬಂದು ನಿಲ್ಲಿಸಿ, ಅಕ್ಕನ ಕಡೆ ತಿರುಗಿದಳು.

"ಮುಂದೆ ಏನಕ್ಕಾ? ನಂಗೆ ತೆರಿಯಾದು, ಗೊತ್ತೇ ಇಲ್ಲ."

ದೊಡ್ಡವ್ವನಿಗೆ ನಗು ಬಂತು. "ಎಂಗೆ ತೆರಿತದೆ? ಬಾಯಾಗೆ ಬೆಟ್ಟು ಇಟ್ಕೊಂಡು ಎದೆಯುದ್ದ ನೀರಿಗೇ ಒರಗಿಬುಡ್ತಿದ್ದೆ. ನಾನೊಬ್ಳೇ ಕೊನೇವರೆಗೂ ಕೇಳ್ತಿದ್ದದ್ದು." ಆಮೇಲೆ ನಗು ನಿಂತಿತು. "ನನ್ನ ಮಗ ಓದ ಮೇಲೆ ನಾನು ಈ ಪಾಟು ಬಾಯಿಬಿಟ್ಟು ಆಡಿಲ್ಲ."

"ಬ್ಯಾಡ ಅಂದ್ರೆ ಬ್ಯಾಡ ಅಕ್ಕಾ."

"ಇರು. ನಾನೂ ಸತ್ತೋದ್ರೆ ಇನ್ಯಾರು ಆಡ್ತಾರೆ?"

ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಅವ್ವನಿಗಿಂತ ದಪ್ಪ ದನಿ, ಅಲ್ಲಲ್ಲಿ ಒಡೆದದ್ದು.

ಕೊಂಬು ಕಂಡವು, ಕಿವಿ ಕಂಡವು, ಕೆಂದಿ ದಡಕೆ ಬಂದಳು,
ಕರುವು ಆಚೆ ಉಳಿಯಿತಮ್ಮಾ, ಕೆಂದಿ ತಿರುಗಿ ನಿಂತಳು.
ಕರೆದರೂ ಬರಲಿಲ್ಲ ಕೆಂದಿ, ಬಡಿದರೂ ಕದಲಲಿಲ್ಲ,
ನೀರ ಕಡೆಗೆ ಮಕವ ಮಾಡಿ ಅಲ್ಲೆ ಕುಂತಳು.
ಅವಳು ಕುಂತ ತಾವಿನಲ್ಲೆ ಗಂಟು ಮೂಟೆ ಇಳಿಸಿದೆವು,
ಮೂರು ಕಲ್ಲ ಹೂಡಿ ನಾವು ಒಲೆಯ ಹಚ್ಚಿದೆವು.

ಅಷ್ಟೇ. ಯಾವುದೋ ಕಾಲದಲ್ಲಿ ಕನ್ನಡ ಸೀಮೆ ಬಿಟ್ಟು ಬಂದ ನಮ್ಮವರು ಇಲ್ಲಿ ನೆಲೆ ನಿಂತದ್ದಕ್ಕೆ ಹಾಡು ಕೊಡುವ ಕಾರಣ ಅದು. ಒಂದು ಹಸು ಮುಂದಕ್ಕೆ ಬರಲು ಒಪ್ಪಲಿಲ್ಲ, ಅದನ್ನು ಬಿಟ್ಟು ಹೋಗಲು ಜನ ಒಪ್ಪಲಿಲ್ಲ. ಅದು ನಿಜವೋ ಕಟ್ಟುಕಥೆಯೋ ನನಗೆ ಗೊತ್ತಿಲ್ಲ. ಚಿಕ್ಕವಳಿದ್ದಾಗ ನಾನು ಚಿಂತಿಸಿದ್ದು ಹಸು ಮುಳುಗುತ್ತದೆಯೇ ಎಂದು ಮಾತ್ರ. ಕರು ಇರಬಹುದೆಂದು ಹೊಳೆದೇ ಇರಲಿಲ್ಲ.

ಜೋಲಿ ತೂಗುವುದನ್ನು ಅವ್ವ ಎಂದೋ ನಿಲ್ಲಿಸಿದ್ದಳು. ಕೂಸು ಮಲಗಿತ್ತು.

"ಅವತ್ತು ನಾನು ಬರಬೇಕಿತ್ತು ಅಕ್ಕಾ" ಎಂದಳು.

"ಬಂದಿದ್ರೆ ಏನು ಮಾಡ್ತಿದ್ದೆ?"

"ಏನು ಮಾಡೋಕಾಗ್ತಿತ್ತು? ಸುಮ್ಕೆ ನಿನ್ನ ಪಕ್ಕದಾಗೆ ಕುಂತಿರ್ತಿದ್ದೆ."

"ಅಷ್ಟೇ ನಂಗೆ ಬೇಕಾಗಿದ್ದದ್ದು" ಎಂದಳು ದೊಡ್ಡವ್ವ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವ್ವ ಎದ್ದು ಹೋಗಿ ಅವಳ ಮಗ್ಗುಲಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು. ಇಬ್ಬರೂ ಅಳಲಿಲ್ಲ. ಸೊಸೆ ಕಾಫಿ ತಂದಿಟ್ಟಳು; ಅದು ಆರಿಹೋಯಿತು. ನಾನೂ ಮಗಳೂ ಎದ್ದು ಹಿತ್ತಲಿಗೆ ಹೋಗಿ, ತೆಂಗಿನ ಮರದ ಬುಡದಲ್ಲಿ ಕಟ್ಟಿದ್ದ ಮೇಕೆಗಳನ್ನು ನೋಡುತ್ತ ನಿಂತೆವು. ಫೋನು ತೆಗೆಯುವುದನ್ನು ಮಗಳು ಮರೆತಿದ್ದಳು. ನಾನು ಕೇಳಿದ್ದಕ್ಕೆ, "ಪರವಾಯಿಲ್ಲ ಅಮ್ಮ, ಇನ್ನೊಂದು ಸಲ ಬಂದು ಕಲ್ತುಕೊಳ್ತೀನಿ" ಎಂದಳು. ಆಮೇಲೆ ಎರಡು ಸಲ ಹೋಗಿ ಕಲಿತಳು ಕೂಡ. ಅವಳ ಬಾಯಲ್ಲಿ ಅದಕ್ಕೆ ಸ್ವಲ್ಪ ತಮಿಳಿನ ಎಳೆತ ಬಂದಿದೆ, ಕೂಸಿಗೆ ಅದರಿಂದ ತೊಂದರೆಯೇನೂ ಆದಂತಿಲ್ಲ.

ಈ ಸಲ ದ್ರಾಕ್ಷಿ ಕೊಯ್ಲಿಗೆ ದೊಡ್ಡವ್ವ ಓಡೈಪಟ್ಟಿಗೆ ಬಂದಳು. ಎರಡು ದಿನಕ್ಕೆಂದು ಬಂದವಳು ಒಂದು ವಾರ ಉಳಿದಳು. ಸಾರಿಗೆ ಹುಣಸೆ ಎಷ್ಟು ಹಾಕಬೇಕೆಂದು ಅಕ್ಕತಂಗಿಯರು ದಿನವೂ ವಾದ ಮಾಡುತ್ತಿದ್ದರು. ಒಂದು ಮಧ್ಯಾಹ್ನ ನಾನು ತೋಟಕ್ಕೆ ಹೋದಾಗ ಇಬ್ಬರೂ ಚಪ್ಪರದ ನೆರಳಲ್ಲಿ ಕೂತು, ಹುಳಿ ದ್ರಾಕ್ಷಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದರು. ದೊಡ್ಡವ್ವ ತೀರಿಹೋದ ಮಗನ ಮಾತೆತ್ತಿದ್ದಳು. ಅವನು ಚಿಕ್ಕವನಿದ್ದಾಗ ರಜೆಗೆ ಇಲ್ಲಿಗೆ ಬಂದು, ಇದೇ ಚಪ್ಪರದ ಮೇಲೆ ಹತ್ತಿ, ತಂತಿ ಹರಿದು ಕೆಳಗೆ ಬಿದ್ದದ್ದು.

"ಬಿದ್ದೋನು ಅಳಲಿಲ್ಲ, ತಿಳೀತಾ?" ಎಂದು ಅವ್ವ ಸೇರಿಸಿದಳು. "ಬಿದ್ದ ಕಡೆನೇ ಮನಿಕ್ಕೊಂಡು, ಮೇಲಿಂದ ಉದುರಿದ ಅಣ್ಣು ಆಯ್ಕೊಂಡು ತಿಂತಿದ್ದ!"

ದೊಡ್ಡವ್ವನಿಗೆ ಆ ಸಂಗತಿ ಗೊತ್ತಿರಲಿಲ್ಲ. ಮಗನ ಬಗ್ಗೆ ತನಗೆ ಗೊತ್ತಿರದ ಒಂದು ವಿಷಯ ಇನ್ನೂ ಉಳಿದಿತ್ತಲ್ಲ ಎಂದು ಅವಳು ಬಾಯಿಗೆ ಸೆರಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಇನ್ನೇನು ಮಾಡ್ದ? ಯೋಳು, ಇನ್ನೇನು ಮಾಡ್ದ?" ಎಂದು ತಂಗಿಯ ಮೊಣಕೈ ಹಿಡಿದು ಅಲ್ಲಾಡಿಸಿದಳು.