ಗೇಟಿನಲ್ಲಿ ಸೈಕಲ್ ತಡೆಯುತ್ತಿದ್ದ ಮುನಿಯಪ್ಪ

ಮುನಿಯಪ್ಪನವರು ಟೈರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ಗಾಳಿ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದರು. ಪುಟ್ಟೇನಹಳ್ಳಿಯಲ್ಲಿ ಮೂವತ್ತು ವರ್ಷ ಸೈಕಲ್ ಶಾಪ್ ನಡೆಸಿ, ರಸ್ತೆ ಅಗಲವಾದಾಗ ಅದನ್ನು ಕಳೆದುಕೊಂಡು, ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯೂರಿಟಿಯಾಗಿ ಬಂದವರು. ಅಂಗಡಿ ಹೋದರೂ ಅಭ್ಯಾಸ ಹೋಗಿರಲಿಲ್ಲ. ಸೈಕಲ್ ತಳ್ಳಿಕೊಂಡು ಯಾರೇ ಬಂದರೂ ಕೈ ಅಡ್ಡ ಹಿಡಿಯುತ್ತಿದ್ದರು. ಎರಡೂ ಬ್ರೇಕ್ ಹಿಡಿದು ಮುಂದಕ್ಕೆ ತಳ್ಳಿ ನೋಡುವುದು, ಚೈನಿಗೆ ಬೆರಳು ತಾಗಿಸುವುದು, ಹ್ಯಾಂಡಲ್ ಅಲುಗಿಸುವುದು. ಒಂದು ನಿಮಿಷದ ಕೆಲಸ.

"ಗೇಟ್ ತೆಗೆದ್ ಮ್ಯಾಲೆ ನನ್ ಕೈಲಿ ಏನೂ ಇಲ್ಲ," ಎನ್ನುತ್ತಿದ್ದರು. "ಅದ್ಕೇ ಒಳಗಿರೋವಾಗ್ಲೇ ನೋಡೋದು."

ಒಂದು ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ರಾಜಾನುಕುಂಟೆ ಕಡೆ ಹೊರಟಿದ್ದ ನನ್ನನ್ನೂ ನಿಲ್ಲಿಸಿದರು. ಗೊಣಗಿದೆ. ಅವರು ಹ್ಯಾಂಡಲ್ ಎತ್ತಿ ಹಿಡಿದು, ಮುಂದಿನ ಚಕ್ರಕ್ಕೆ ಮೇಲಿಂದ ಒಂದು ಏಟು ಕೊಟ್ಟರು. ಚಕ್ರ ಕಳಚಿ ಅವರ ಕಾಲ ಬಳಿ ಬಿತ್ತು. ಹಿಂದಿನ ದಿನ ಬಿಚ್ಚಿ ಕಾರಿನಲ್ಲಿ ತಂದವನು, ಮತ್ತೆ ಹಾಕುವಾಗ ಬಿಗಿ ಮಾಡುವುದನ್ನೇ ಮರೆತಿದ್ದೆ.

"ಇಂಗೇ ಫ್ಲೈಓವರ್ ಇಳ್ದಿದ್ರೆ ಮುಖ ಉಳೀತಿರ್ಲಿಲ್ಲ ಸಾರ್," ಎಂದು ತಾವೇ ಚಕ್ರ ಕೂರಿಸಿಕೊಟ್ಟರು.

ಆರು ತಿಂಗಳ ನಂತರ ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನು ತಡೆದರು. ಹಿಂದಿನ ಬ್ರೇಕಿಗೆ ಎಣ್ಣೆ ತಗುಲಿದೆ, ಹಿಡಿಯುತ್ತಿಲ್ಲ, ಗೇಟ್ ತೆಗೆಯಲ್ಲ ಎಂದರು. ಎರಡು ಲಕ್ಷದ ಸೈಕಲ್ ಮುಟ್ಟೋಕೆ ಇವನ್ಯಾರು ಎಂದು ಕಾರ್ಯದರ್ಶಿ ಕೂಗಾಡಿದರು. ಅವತ್ತು ಸಂಜೆಯೇ, ಮುನಿಯಪ್ಪ ಉದ್ಧಟ, ತೆಗೆದುಹಾಕಬೇಕು ಎಂಬ ಕಾಗದ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಒಂದು ಸೈನ್ ಅಷ್ಟೇ ಗುರು."

ನನ್ನ ಚಕ್ರದ ಕತೆ ಹೇಳಬಹುದಿತ್ತು. ಅವರ ಜೊತೆ ಮನಸ್ತಾಪ ಯಾಕೆ ಎನ್ನಿಸಿ ಸಹಿ ಹಾಕಿದೆ. ಮರುದಿನ ಗೇಟಿನಲ್ಲಿ ಬೇರೆಯವರಿದ್ದರು.

ಕಳೆದ ವರ್ಷ ಶೆಟ್ಟಿಹಳ್ಳಿಯ ಮದುವೆ ಛತ್ರವೊಂದರ ಪಾರ್ಕಿಂಗಿನಲ್ಲಿ ಮುನಿಯಪ್ಪ ಸೀಟಿ ಹಿಡಿದು ನಿಂತಿದ್ದರು. ತುಂಬಾ ಸೊರಗಿದ್ದರು. ಕಾರಿನಿಂದಿಳಿದು ಹತ್ತಿರ ಹೋದೆ.

"ನಿಮ್ಮನ್ನ ತೆಗೆದಿದ್ದು ನಂಗೆ ಆಮೇಲೇ ಗೊತ್ತಾಗಿದ್ದು ಮುನಿಯಪ್ನೋರೇ," ಎಂದು ಸುಳ್ಳು ಹೇಳಿದೆ.

"ಕಾಗದ ನಂಗೂ ತೋರ್ಸಿದ್ರು ಸಾರ್. ನಿಮ್ ಎಸ್ರು ಮೂರನೇದು." ದನಿಯಲ್ಲಿ ಕೋಪವಿರಲಿಲ್ಲ. "ಊಟಕ್ಕೆ ಓಗಿ, ಎರಡನೇ ಪಂಕ್ತಿ ಕೂತವ್ರೆ."

ಹಿಂದೆ ಬಂದ ಕಾರಿಗೆ ಜಾಗ ತೋರಿಸಲು ಆ ಕಡೆ ನಡೆದರು. ನಾನು ಒಳಗೆ ಹೋಗಿ ಪಂಕ್ತಿಯಲ್ಲಿ ಕೂತೆ. ಊಟವನ್ನೂ ಮಾಡಿದೆ.