ಚಿಪ್ಪುಮೀನಿನ ವಿಷ ಹಿಡಿಯೋ ವರ

ರಾಣೆಬೆನ್ನೂರಿಗೆ ಕನ್ಯಾ ನೋಡಾಕ ಹೋಗಿದ್ದೆ. ಹುಡುಗಿಯ ಅಪ್ಪ, "ಕಾರವಾರದಾಗ ಏನ್ ಕೆಲಸರಿ?" ಅಂದರು.

"ಲ್ಯಾಬಿನಾಗ ಚಿಪ್ಪುಮೀನಿನಾಗಿನ ವಿಷ ಹಿಡಿಯೋದ್ರಿ. ಕುದಿಸಿದ್ರೂ ಹೋಗದ ವಿಷ! ಮಾಂಸ ರುಬ್ಬಿ, ರಾಸಾಯನಿಕ ಹಾಕಿ ರಸ ತಗದು ಮಷೀನಿಗೆ ಕೊಟ್ರ, ಚೂರಿದ್ರೂ ತೋರಸ್ತೈತಿ. ನಮ್ಮ ಬ್ಯಾಡಗಿ ತಾಲೂಕಿನಾಗ ಇದನ್ನ ಬಲ್ಲಾಂವ ನಾನೊಬ್ಬನ!" ಎಂದು ಎದೆಯುಬ್ಬಿಸಿದೆ.

ಅದು ಮೀನಿನ ವಾಸನೆಯೂ ಗೊತ್ತಿಲ್ಲದ ಮನೆ. ಉಪ್ಪಿಟ್ಟು ತಿನ್ನುತ್ತಿದ್ದ ನನ್ನ ಕೈ ನೋಡಿ ಹುಡುಗಿಯ ಅಜ್ಜಿ ಗಾಬರಿಯಾಗಿ, "ಯಪ್ಪಾ, ರುಬ್ಬೋದು ಇದ ಕೈಲೇನ?" ಅಂದಳು.

"ಗ್ಲೌಸ್ ಹಾಕ್ಕೋತೀನಬೇ ಅಜ್ಜಿ."

ಅಜ್ಜಿಗೆ ಸಮಾಧಾನವಾಯಿತು. ಅಪ್ಪನೂ ತಲೆಯಾಡಿಸಿದರು. ಸಂಬಂಧ ಕುದುರಿತು ಅಂದುಕೊಳ್ಳುವಷ್ಟರಲ್ಲಿ ಹುಡುಗಿ ನಗುತ್ತ ಕೇಳಿದಳು: "ನಾ ಮಾಡಿದ ಉಪ್ಪಿಟ್ಟಿನಾಗ ಏನ್ ಸಿಕ್ತರಿ?"

"ಉಪ್ಪು ಜಾಸ್ತಿ," ಅಂದುಬಿಟ್ಟೆ.

ಮರುದಿನವೇ ಒಲ್ಲೆ ಅಂತ ಫೋನ್ ಬಂತು. ಆದರೂ ನನ್ನ ವರದಿ ಖರೇನೇ. ಬೇಕಾದರೆ ಉಳಿದ ಉಪ್ಪಿಟ್ಟು ಕಳಿಸಲಿ, ಮಷೀನಿಗೇ ಹಾಕಿ ತೋರಿಸ್ತೀನಿ.