ತಿರುವು ದಾಟಿದ ಬಸ್ಸಿನ ಫೋಟೋ

ಫೋಟೋ ಅಕ್ಕನ ಸ್ಟುಡಿಯೋ ಇರುವುದು ಬಸ್ ಡಿಪೋಗೆ ಹೋಗುವ ಬೀದಿಯ ಮೂಲೆಯಲ್ಲಿ. ಒಂದೇ ಕೋಣೆ, ನಡುವೆ ಒಂದು ಪರದೆ. ಪರದೆಯ ಆಚೆ ನೀಲಿ ಬಟ್ಟೆ, ಎರಡು ದೀಪ, ಕೂತರೆ ಕಿರ್ ಎನ್ನುವ ತಿರುಗುವ ಸ್ಟೂಲು. ಈಚೆ ಒಂದು ಕನ್ನಡಿ, ಅದರ ಕೆಳಗೆ ಹಲ್ಲು ಉದುರಿದ ಬಾಚಣಿಗೆ. ಅಪ್ಪನಿಂದ ಬಂದ ಅಂಗಡಿ ಅದು. ಸುತ್ತಮುತ್ತಲಿನ ಅರ್ಧ ಜನರ ಮುಖ ಅವಳ ಕ್ಯಾಮೆರಾ ಹೊಕ್ಕು ಬಂದದ್ದೇ.

ನಲವತ್ತು ದಾಟಿದ ಮೇಲೆ ಅವಳ ಕೈಯೇ ಅವಳಿಗೆ ಕೈ ಕೊಟ್ಟಿತು. ಮೊದಲು ಬಲಗೈ ಬೆರಳುಗಳು ನಡುಗತೊಡಗಿದವು, ಆಮೇಲೆ ಮಣಿಕಟ್ಟು. ಅವಳು ಚಹಾ ತರುತ್ತಿದ್ದಾಳೆ ಅನ್ನುವುದು ಕಪ್-ಬಸಿಗಳ ಟಕಟಕ ಸದ್ದಿನಿಂದಲೇ ಮನೆಯವರಿಗೆಲ್ಲ ತಿಳಿಯುತ್ತಿತ್ತು. ಅಂಗಡಿಯೊಳಗಿನ ಚಿಕ್ಕ ಫೋಟೋಗಳಿಗೆ ಸ್ಟ್ಯಾಂಡ್ ಇತ್ತು, ಅಡ್ಡಿಯಿರಲಿಲ್ಲ. ಹೊಡೆತ ಬಿದ್ದದ್ದು ಹೊರಗಿನ ಕೆಲಸಕ್ಕೆ. ಒಂದು ಮದುವೆಯಲ್ಲಿ ಮಗಳನ್ನು ಕಳಿಸಿಕೊಡುವಾಗ ಅಪ್ಪ ಅತ್ತ ಗಳಿಗೆ ಫೋಟೋದಲ್ಲಿ ಪೂರ್ತಿ ಕಲಸಿಹೋಯಿತು. ಅಪ್ಪ ಯಾರು, ಕಂಬ ಯಾವುದು ತಿಳಿಯದ ಹಾಗೆ. ಆ ಮನೆಯವರು ಒಳ್ಳೆಯವರು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ಅಕ್ಕ ತಾನಾಗಿಯೇ ಇನ್ನು ಮದುವೆ ಕೆಲಸ ಒಪ್ಪಿಕೊಳ್ಳುವುದಿಲ್ಲ ಎಂದು ಹೇಳಿ ಕ್ಯಾಮೆರಾದ ಕೊರಳಪಟ್ಟಿ ಬಿಚ್ಚಿಟ್ಟಳು.

"ಪ್ರಾಣಕ್ಕೇನೂ ಅಪಾಯ ಇಲ್ಲಮ್ಮ," ಎಂದರು ಡಾಕ್ಟರು. "ಮಾತ್ರೆ ತಗೊಂಡ್ರೆ ಸ್ವಲ್ಪ ತಗ್ಗುತ್ತೆ, ಪೂರ್ತಿ ಹೋಗಲ್ಲ. ಬೇರೆ ಏನಾದ್ರೂ ಕೆಲಸ ಮಾಡಬಹುದಲ್ಲ?"

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಗಂಡನ ಮೇಲೆ ಹರಿಹಾಯ್ದಳು. "ಬೇರೆ ಏನಾದ್ರೂ ಅಂತೆ! ಅವರ ಕೈಯಿಂದ ಸೂಜಿ ಕಿತ್ಕೊಂಡು ಸೌಟು ಕೊಟ್ರೆ ಅವರು ಸುಮ್ಮನಿರ್ತಾರಾ?"

ಗಂಡ ಅವಳು ಬಿಟ್ಟ ಚಪ್ಪಲಿಯನ್ನು ಎತ್ತಿ ಬದಿಗಿಟ್ಟ. ಅವನದು ಗಾಡಿಗಳ ಲೈಟು, ಹಾರ್ನು, ವೈರು ರಿಪೇರಿ ಮಾಡುವ ಕೆಲಸ. ಯಾವ ತಂತಿಯನ್ನು ಯಾವಾಗ ಮುಟ್ಟಬಾರದು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದದ್ದು ಹೀಗೆ. ಒಂದು ದಿನ ಮುಸ್ಸಂಜೆಯಲ್ಲಿ ಅಂಗಡಿಯ ಬಾಗಿಲಲ್ಲೇ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈ ತಗಲದಿದ್ದರೆ ಎಷ್ಟು ಹೊತ್ತು ಅಲುಗದೆ ಇರುತ್ತದೆ ನೋಡೋಣವೆಂದು ಅವಳು ಬೆಳಕನ್ನು ಒಳಬಿಡುವ ಅದರ ಶಟರನ್ನು ತುಂಬ ಹೊತ್ತು ತೆರೆದಿಟ್ಟಳು. ಚಿತ್ರ ನೋಡಿದರೆ ಬೀದಿ ಬರಿದಾಗಿತ್ತು. ಕಾರಿಲ್ಲ, ಬೈಕಿಲ್ಲ, ಮನುಷ್ಯರಿಲ್ಲ. ಬಂದ ಗಾಡಿಗಳ ಮುಂದಿನ ದೀಪಗಳೆಲ್ಲ ಬಿಳಿಯ ಎಳೆಗಳಾಗಿ, ಹೋದವುಗಳ ಹಿಂದಿನ ದೀಪಗಳು ಕೆಂಪು ಎಳೆಗಳಾಗಿ ಬೀದಿಯುದ್ದಕ್ಕೂ ಹಾಸಿಕೊಂಡಿದ್ದವು. ಗಾಡಿಗಳು ಮಾಯವಾಗಿ ಅವು ಹೋದ ದಾರಿ ಮಾತ್ರ ಉಳಿದಿತ್ತು.

ಗಂಡನನ್ನು ಕೂಗಿ ಕರೆದು ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ.

"ಈ ಗಾಡೀದು ಎಡಗಡೆ ಲೈಟು ಮಂಕು. ಬಲ್ಬ್ ಬದಲಾಯಿಸಬೇಕು."

"ಫೋಟೋ ಹೇಗಿದೆ ಅಂತ ಕೇಳಿದ್ರೆ ಗಿರಾಕಿ ಹುಡುಕ್ತಿದ್ದೀರಲ್ರೀ!" ಎಂದು ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. "ಇದಕ್ಕೆ ಕೈ ಬೇಡ, ಗೊತ್ತಾಯ್ತಾ? ಕ್ಯಾಮೆರಾ ಸುಮ್ಮನೆ ನಿಂತ್ಕೊಂಡ್ರೆ ಸಾಕು."

ಸುಮ್ಮನೆ ನಿಲ್ಲಿಸುವುದೇ ದೊಡ್ಡ ಕೆಲಸವೆಂದು ಆಮೇಲೆ ಗೊತ್ತಾಯಿತು. ಡಿಪೋದ ಹತ್ತಿರ ದೊಡ್ಡ ರಸ್ತೆ ಒಂದು ಚೆಂದದ ತಿರುವು ತೆಗೆದುಕೊಳ್ಳುತ್ತದೆ. ಅಲ್ಲಿ ಜನ ದಾಟುವ ಕಬ್ಬಿಣದ ಮೇಲ್ಸೇತುವೆಯ ಮೇಲೆ ಅವಳು ಸ್ಟ್ಯಾಂಡ್ ಹೂಡಿದಳು. ಗುಂಡಿ ಒತ್ತಿದರೆ ಕ್ಯಾಮೆರಾ ನಡುಗುತ್ತಿತ್ತು. ಅದಕ್ಕೆ ಒಂದು ರಿಮೋಟ್ ತಂದಳು. ಗಾಳಿಗೆ ಸ್ಟ್ಯಾಂಡ್ ಅಲುಗುತ್ತಿತ್ತು. ಅದಕ್ಕೊಂದು ನೀರಿನ ಕ್ಯಾನ್ ನೇತುಹಾಕಿದಳು. ಬೇಗ ತೆಗೆದರೆ ಆಕಾಶವೇ ಎಲ್ಲವನ್ನೂ ಬೆಳ್ಳಗೆ ನುಂಗುತ್ತಿತ್ತು, ತಡವಾದರೆ ಮಸಿ ಬಳಿದ ಹಾಗೆ. ಸೂರ್ಯ ಮುಳುಗಿ ಆಕಾಶ ನೀಲಿಯಾಗಿರುವ ಸ್ವಲ್ಪವೇ ಹೊತ್ತು ಅವಳ ಪಾಲಿಗೆ. ಇಷ್ಟೆಲ್ಲ ಕಲಿತರೂ ಬೆಳಕಿನ ಗೆರೆಗಳು ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಬರುತ್ತಿದ್ದವು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ," ಎಂದರು ಅತ್ತೆ, ತಪ್ಪೆಲ್ಲ ಸೇತುವೆಯದು ಎಂದ ಸೊಸೆಗೆ. ಅವರಿಗೆ ಮಾತೆಂದರೆ ಉಸಿರಾಟದಷ್ಟೇ ಸಲೀಸು.

"ಅತ್ತೆ, ಈ ನೆಲ ನಿಜವಾಗ್ಲೂ ಡೊಂಕೇ. ಬನ್ನಿ, ತೋರಿಸ್ತೀನಿ."

ಅತ್ತೆ ಬಿಟ್ಟಾರೆಯೇ? ಮಡಚುವ ಸ್ಟೂಲು ಹಿಡಿದು ಮೆಟ್ಟಿಲು ಹತ್ತಿ ಸೇತುವೆಯ ನಡುವೆ ಕೂತರು. ಕೆಳಗೆ ಒಂದು ಲಾರಿ ಹೋಯಿತು, ಮೇಲೆ ಡಿಪೋದ ಕೆಲಸ ಮುಗಿಸಿದವರ ಒಂದು ದಂಡು ಬಂತು. ಸೇತುವೆ ಗುಂಯ್‌ಗುಟ್ಟಿತು. ಅತ್ತೆ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು, "ಅಯ್ಯೋ, ಇದು ನಿನಗಿಂತ ಜಾಸ್ತಿ ನಡುಗುತ್ತೆ ಕಣೇ!" ಎಂದರು. ಅಂದಿನಿಂದ ಅವರು ಸೊಸೆಯ ಕಡೆಯವರಾದರು.

ಚೆನ್ನಾಗಿ ಬಂದ ಕೆಲವನ್ನು ಅಕ್ಕ ಅಂಗಡಿಯ ಗೋಡೆಗೆ ಹಾಕಿದ್ದಳು. ಪಿಂಚಣಿ ಕಾಗದಕ್ಕೆ ಫೋಟೋ ತೆಗೆಸಲು ಬಂದ ಹಿರಿಯ ಬಸ್ ಡ್ರೈವರೊಬ್ಬರು ಅವುಗಳ ಮುಂದೆ ನಿಂತುಬಿಟ್ಟರು. ಡಿಪೋದವರೆಲ್ಲ ಅವರನ್ನು ಡ್ರೈವರ್ ಮಾಮ ಎನ್ನುತ್ತಾರೆ.

"ಇದು ನಮ್ಮ ತಿರುವಲ್ವಾ?"

"ಹೌದು ಮಾಮ."

ಅವರು ಗೆರೆಗಳ ಗುಂಟ ಕಣ್ಣು ಓಡಿಸಿದರು. "ಜೀವಮಾನ ಎಲ್ಲಾ ಬಸ್ಸು ಓಡಿಸಿದೆ. ನಿಂತ ಗಾಡೀಲಿ ಸ್ಟೀರಿಂಗ್ ಹಿಡ್ಕೊಂಡು ಕೂತಿರೋ ಫೋಟೋ ಇದೆ. ಓಡಿಸ್ತಿರೋದು ಒಂದೂ ಇಲ್ಲ. ಈ ತಿಂಗಳು ಕಳೆದ್ರೆ ಮುಗೀತು. ಒಂದು ತೆಗೆದುಕೊಡ್ತೀಯಾ?"

"ಇದ್ರಲ್ಲಿ ನಿಮ್ಮ ಮುಖ ಬರಲ್ಲ. ಗಾಡೀನೂ ಬರಲ್ಲ."

"ಮುಖ ದಿನಾ ಕನ್ನಡೀಲಿ ನೋಡ್ತೀನಿ ಬಿಡು. ನಾನು ಹೋದ ದಾರಿ ಬರಲಿ."

ಅಕ್ಕ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ತಲೆಗೆ ಹುಳ ಹೊಕ್ಕಿತು: ಅಷ್ಟೊಂದು ಗೆರೆಗಳ ನಡುವೆ ಮಾಮನ ಗೆರೆ ಯಾವುದೆಂದು ಹೇಳುವುದು ಹೇಗೆ? ಊಟದ ಹೊತ್ತಿಗೆ ಗಂಡ ತುತ್ತು ನುಂಗಿ, "ಇಂಡಿಕೇಟರ್ ಹಾಕಲಿ," ಎಂದ. ಉಳಿದ ದೀಪಗಳು ಒಂದೇ ಸಮನೆ ಉರಿಯುವುದರಿಂದ ಬಿಡದ ಗೆರೆ ಎಳೆಯುತ್ತವೆ. ಇಂಡಿಕೇಟರ್ ಮಿನುಗುವುದರಿಂದ ಬಿಟ್ಟು ಬಿಟ್ಟು ಬೀಳುತ್ತದೆ, ಬಟ್ಟೆಗೆ ಹಾಕಿದ ಹೊಲಿಗೆಯಂತೆ. ಹೇಗೂ ತಿರುವಿನ ಕೊನೆಗೆ ಬಸ್ಸು ಡಿಪೋ ಕಡೆ ಹೊರಳಬೇಕು, ಸ್ವಲ್ಪ ಮೊದಲೇ ಹಾಕಿದರಾಯಿತು. ಅಕ್ಕ ಎದ್ದು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಅರ್ಧ ನೆಲಕ್ಕೆ ಬಿತ್ತು, ಇಬ್ಬರೂ ನಕ್ಕರು.

ಸೇತುವೆಯನ್ನು ನಂಬುವಂತಿರಲಿಲ್ಲ. ತಿರುವಿಗೆ ಎದುರಾಗಿ ಹಲ್ಲಿನ ಡಾಕ್ಟರ ಮೂರು ಅಂತಸ್ತಿನ ಕಟ್ಟಡವಿತ್ತು. ಅದರ ಮಾಳಿಗೆಯಿಂದ ರಸ್ತೆಯೆಲ್ಲ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ. ಅಕ್ಕ ಹೋಗಿ ಕೇಳಿದಳು. "ಬಿದ್ದುಗಿದ್ರೆ ಯಾರು ಹೊಣೆ?" ಎಂದರು ಡಾಕ್ಟರು. ಮತ್ತೆ ಹೋದಳು. ಅದೇ ಮಾತು. ಮೂರನೆಯ ಸಲ ಅವಳನ್ನು ಕಂಡ ಕೂಡಲೇ ಒಳಬಾಗಿಲು ಮುಚ್ಚಿಕೊಂಡಿತು.

ಅತ್ತೆಗೆ ಒಂದು ದವಡೆ ಹಲ್ಲು ವರ್ಷದಿಂದ ಕಾಟ ಕೊಡುತ್ತಿತ್ತು. ಕೀಳಿಸಲು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ. ಮರುದಿನ ಯಾರಿಗೂ ಹೇಳದೆ ಹೋಗಿ ಡಾಕ್ಟರ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಹಲ್ಲು ಕಿತ್ತಾದ ಮೇಲೆ ಏಳಲೇ ಇಲ್ಲ. ಹೊರಗೆ ಸಾಲುಗಟ್ಟಿ ಜನ ಕೂತಿದ್ದಾರೆ, ಬಾಯಿತುಂಬ ಹತ್ತಿ ತುಂಬಿಕೊಂಡ ಈ ಹೆಂಗಸು ಮಾಳಿಗೆ, ಬೀಗ, ಸೊಸೆ ಎಂದು ತೊದಲುತ್ತಿದ್ದಾರೆ. ಕೊನೆಗೆ ಡಾಕ್ಟರೇ ಸೋತು ಬೀಗದಕೈ ಕೊಟ್ಟರು, ಗೋಡೆಯಂಚಿಗೆ ಹೋಗಬಾರದೆಂಬ ಕರಾರಿನ ಮೇಲೆ.

"ಹಲ್ಲು ಕೊಟ್ಟು ಮಾಳಿಗೆ ತಂದೆ," ಎಂದು ಅತ್ತೆ ಕೆನ್ನೆ ಹಿಡಿದುಕೊಂಡೇ ಬೀಗಿದರು.

ಅಲ್ಲಿಂದ ಪ್ರತಿ ಸಂಜೆ ಅದೇ ಪಾಡು. ಮೊದಲ ದಿನ ಬಸ್ಸಿನ ಪಕ್ಕಕ್ಕೇ ಒಂದು ಲಾರಿ ಬಂದು ಅದನ್ನು ಪೂರ್ತಿ ಮುಚ್ಚಿತು. ಮತ್ತೊಂದು ದಿನ ಬಸ್ಸು ಬರುವಷ್ಟರಲ್ಲಿ ಕತ್ತಲೆ ಕವಿದಿತ್ತು. ಇನ್ನೊಂದು ದಿನ ಮಾಮ ಇಂಡಿಕೇಟರ್ ಹಾಕಲು ಮರೆತರು. "ಪ್ಯಾಸೆಂಜರೊಬ್ಬರ ಜೊತೆ ಜಗಳ ಆಯ್ತಮ್ಮ," ಎಂದು ಪೆಚ್ಚಾಗಿ ಹೇಳಿದರು. ಗಂಡನಿಗೂ ಸಾಕಾಗುತ್ತ ಬಂತು. "ಹೋಗಲಿ ಬಿಡು, ಆಗದಿದ್ರೆ ಅವರೇನು ಬೈತಾರಾ?"

"ಅವರು ಬೈಯಲ್ಲ. ನನಗೆ ಬೇಕು," ಎಂದಳು ಅಕ್ಕ.

ಮಾಮನ ಕೆಲಸದ ಕೊನೆಯ ಸಂಜೆ ಬಂತು. ಅಂದು ಅವಳ ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ಎಲ್ಲ ಸಿದ್ಧ ಮಾಡಿ ರಿಮೋಟ್ ಹಿಡಿದಳೋ ಇಲ್ಲವೋ, ಅದು ಬೆರಳ ಸಂದಿಯಿಂದ ಜಾರಿ ಸಿಮೆಂಟಿನ ಮೇಲೆ ಬಿದ್ದು ಎರಡು ಹೋಳಾಯಿತು. ಗಂಡ ಜೋಡಿಸಿ ನೋಡಿದ, ಕೆಲಸ ಮಾಡಲಿಲ್ಲ. ದೂರದಲ್ಲಿ ಬಸ್ಸು ಸಿಗ್ನಲಿಗೆ ನಿಂತದ್ದು ಕಾಣುತ್ತಿತ್ತು. ಬೆರಳಿನಿಂದ ಒತ್ತಿದರೆ ಕ್ಯಾಮೆರಾ ಅಲುಗುತ್ತದೆ, ಅಲುಗಿದರೆ ಎಲ್ಲವೂ ಮಣ್ಣುಪಾಲು.

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. "ನಿಮ್ಮ ಟೋಪಿ ಕೊಡಿ," ಎಂದಳು.

"ಏನು?"

"ಟೋಪಿ ಕೊಡ್ರೀ!"

ಅವನ ತಲೆಯ ಮೇಲೆ ಗ್ರೀಸು ಹಿಡಿದ ಕಪ್ಪು ಟೋಪಿಯೊಂದು ಸದಾ ಇರುತ್ತದೆ. ಅವಳು ಅದನ್ನು ಲೆನ್ಸಿಗೆ ತಗಲದಂತೆ ಅಡ್ಡ ಹಿಡಿದು ಇನ್ನೊಂದು ಕೈಯಿಂದ ಗುಂಡಿ ಒತ್ತಿದಳು. ಶಟರ್ ತೆರೆಯಿತು. ಕ್ಯಾಮೆರಾ ನಡುಗಿತು, ಟೋಪಿಯ ಕತ್ತಲೆಯೊಳಗೆ ನಡುಗಿದ್ದರಿಂದ ಆ ನಡುಕ ಎಲ್ಲೂ ದಾಖಲಾಗಲಿಲ್ಲ. ಅದು ನಿಂತಿತು. ಸಿಗ್ನಲ್ ಬಿಟ್ಟಿತು. ಬಸ್ಸು ಇಂಡಿಕೇಟರ್ ಮಿನುಗಿಸುತ್ತ ತಿರುವಿಗೆ ಬಂದದ್ದೇ ಅವಳು ಟೋಪಿ ಸರಿಸಿದಳು. ಗಾಳಿಯಲ್ಲಿ ಟೋಪಿ ಹಿಡಿದ ಕೈ ಎಷ್ಟಾದರೂ ನಡುಗಲಿ, ಅದು ಕ್ಯಾಮೆರಾಕ್ಕೆ ತಗಲಿರಲಿಲ್ಲ. ಬಸ್ಸು ಡಿಪೋ ರಸ್ತೆಗೆ ಹೊರಳಿ ಮರೆಯಾದಾಗ ಮತ್ತೆ ಟೋಪಿ ಅಡ್ಡ ಹಿಡಿದು ಶಟರ್ ಮುಚ್ಚಿದಳು.

ಚಿಕ್ಕ ಪರದೆಯ ಮೇಲೆ ಚಿತ್ರ ಮೂಡಿದಾಗ ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ನೀಲಿ ಆಕಾಶದ ಕೆಳಗೆ ಬಿಳಿ, ಕೆಂಪು ಎಳೆಗಳು ಒತ್ತೊತ್ತಾಗಿ ಬಾಗಿದ್ದವು. ಅವುಗಳ ನಡುವೆ, ಎಲ್ಲಕ್ಕಿಂತ ಎತ್ತರದಲ್ಲಿ, ಕಿತ್ತಳೆ ಬಣ್ಣದ ಹೊಲಿಗೆಯೊಂದು ಒಂದು ಟಾಕೆಯೂ ತಪ್ಪದೆ ತಿರುವಿನುದ್ದಕ್ಕೂ ಹೋಗಿತ್ತು.

"ಬಂತು," ಎಂದಳು ಅಕ್ಕ. ಅಷ್ಟೇ. ಆಮೇಲೆ ಮಾಳಿಗೆಯ ನೆಲದ ಮೇಲೆ ಕೂತು ಸ್ವಲ್ಪ ಅತ್ತಳು. ಗಂಡ ಪಕ್ಕದಲ್ಲಿ ಕೂತ.

ದೊಡ್ಡದಾಗಿ ಅಚ್ಚು ಹಾಕಿಸಿದ ಚಿತ್ರವನ್ನು ನೋಡಲು ಮಾಮ ಹೆಂಡತಿಯನ್ನು ಕರೆದುಕೊಂಡು ಬಂದರು. ಬಹಳ ಹೊತ್ತು ನೋಡಿ, ಹಿಂದಿನ ದೀಪದ ಕೆಂಪು ಗೆರೆ ಗಾಢವಾಗಿದ್ದ ಒಂದು ಕಡೆ ಬೆರಳಿಟ್ಟರು. "ಇಲ್ಲಿ ಬ್ರೇಕ್ ಒತ್ತಿದ್ದೀನಿ. ಸೈಕಲ್‌ನವನೊಬ್ಬ ಅಡ್ಡ ಬಂದ."

"ಕೊನೇ ದಿನಾನೂ?" ಎಂದರು ಹೆಂಡತಿ. ಅವರು ಬೆರಳನ್ನು ಆ ಹೊಲಿಗೆಯ ಮೇಲೆ ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಎಳೆದರು. "ನೀವು ಮನೆಗೆ ತಡ ಮಾಡಿದಾಗೆಲ್ಲ ಈ ರಸ್ತೇನ ಬೈಕೊಳ್ತಿದ್ದೆ. ನೋಡೋಕೆ ಇಷ್ಟು ಚೆನ್ನಾಗಿದೆಯಲ್ಲ."

ಚಿತ್ರ ಅವರ ಮನೆಯ ಬಾಗಿಲಿಗೆ ಎದುರಾಗಿ ತೂಗುತ್ತಿದೆ. ಡಿಪೋದಿಂದ ನಿವೃತ್ತರಾಗುವ ಮಿಕ್ಕವರೂ ಈಗ ಅಕ್ಕನನ್ನು ಹುಡುಕಿಕೊಂಡು ಬರುತ್ತಾರೆ. ಮದುವೆ ಕೆಲಸ ಮತ್ತೆ ಬರಲಿಲ್ಲ, ಅವಳು ಕೇಳಲೂ ಇಲ್ಲ. ಕೈ ವಾಸಿಯಾಗಿಲ್ಲ, ಎಡಗೈಗೂ ಸ್ವಲ್ಪ ಹತ್ತಿದೆ. ಈಗ ಅವಳ ಕಣ್ಣು ಊರಾಚೆ ಗುಡ್ಡ ಸುತ್ತಿಕೊಂಡು ಏರುವ ಹೆದ್ದಾರಿಯ ಮೇಲಿದೆ. ಅಲ್ಲಿ ಗಾಳಿ ಜೋರು, ಈ ಸ್ಟ್ಯಾಂಡ್ ತಡೆಯುವುದಿಲ್ಲ. ಹಾಗಾಗಿ ಗಂಡ ಅಂಗಡಿಯ ಹಿಂದೆ ಕಬ್ಬಿಣದ ಕೊಳವೆ ಕೊಯ್ದು ಹೊಸದೊಂದನ್ನು ಕಟ್ಟುತ್ತಿದ್ದಾನೆ. "ಇನ್ನೂ ಭಾರ ಇರಲಿ," ಎನ್ನುತ್ತಾಳೆ ಅವಳು. "ಹೊರೋದು ನಾನು ತಾನೇ," ಎನ್ನುತ್ತಾನೆ ಅವನು, ಮತ್ತೊಂದು ಕೊಳವೆ ಎತ್ತಿಕೊಳ್ಳುತ್ತ.